ಮೂರು ಗೇಣು

ಬೋರ್ಡಿಲ್ಲ.
ಮಂಡಕ್ಕಿ ಭಟ್ಟಿ ದಾಟಿ ಎರಡನೇ ಕ್ರಾಸಿನಲ್ಲಿ ಕೇಳಿದರೆ
ಹಾಲಿನ ಬೂತಿನವನೇ ತೋರಿಸುತ್ತಾನೆ:
'ಅರ್ಧಂಬರ್ಧ ಬಿಟ್ಟಿದ್ದು ಮುಗಿಸಿಕೊಡ್ತಾರಲ್ಲ,
ಆ ಅಕ್ಕನ ಮನೆ. ನೀಲಿ ಗೇಟು.'

ಚೀಲಗಳು ಬರುತ್ತವೆ.
ಮ್ಯಾಟಿ ಬಟ್ಟೆಯ ಮೇಲೆ 'ವೆಲ್' ಅಂತ ಹೆಣೆದು
'ಕಮ್' ಬರುವಷ್ಟರಲ್ಲಿ ಮದುವೆಯಾಗಿ ಹೋದವರದು.
ಒಕ್ಕಣ್ಣ ಗಿಳಿ. ಕಾಲಿಲ್ಲದ ನವಿಲು:
ಹದಿನೆಂಟು ವರ್ಷ ಟ್ರಂಕಿನಲ್ಲಿ ಕುಂತೂ ಕುಂತೂ
ಕಾಲು ಬೇಕೆಂದೇ ಅದಕ್ಕೆ ಅನಿಸಿರಲಿಕ್ಕಿಲ್ಲ.
ಅಂಚು ಕಟ್ಟದ ಕೌದಿಗಳು,
ಒಳಗಿನ ಹಳೇ ಸೀರೆ ನಾಲಿಗೆಯ ಹಾಗೆ ಹೊರಗೆ.

ಬಂದ ಕೂಡಲೇ ಹೊಲಿಯುವುದಿಲ್ಲ.
ಬೆರಳಿಟ್ಟು ಓದುತ್ತೇನೆ.
ಇವಳ ಟಾಕು ಅಕ್ಕಿಕಾಳು, ಅವಳದು ಜೀರಿಗೆ.
ಇವಳು ಬಿಗಿದು ಎಳೆಯುವವಳು, ಬಟ್ಟೆ ಮುದುಡಿದೆ,
ಯಾರ ಮೇಲೋ ಸಿಟ್ಟು.
ಇಲ್ಲಿ ನಾಲ್ಕು ಟಾಕು ಉದ್ದುದ್ದ: ಹಾಲು ಉಕ್ಕಿರಬೇಕು.
ಇಲ್ಲಿ ಗಂಟು ಮೇಲಕ್ಕೆದ್ದಿದೆ:
ಕಲಿಸುವವರು ಪಕ್ಕದಿಂದ ಎದ್ದು ಹೋದ ಜಾಗ.

ಆ ಕೈ ನನ್ನ ಕೈಗೆ ಬರುವವರೆಗೆ
ಹಳೇ ಲುಂಗಿಯ ಮೇಲೆ ಹಾಕುತ್ತೇನೆ, ಬಿಚ್ಚುತ್ತೇನೆ.
ಬಂದ ಮೇಲೆ ಸಲೀಸು.
ಎಡಚಿಯದಾದರೆ ಎಡಗಡೆಯಿಂದಲೇ ಹೊರಡುತ್ತೇನೆ.
ತಪ್ಪುವವಳದಾದರೆ
ಅವಳು ತಪ್ಪುವಲ್ಲೇ ತಪ್ಪುತ್ತೇನೆ.
ಎಲ್ಲಿ ನಿಂತಿತ್ತು, ಎಲ್ಲಿಂದ ನಾನು ಹಿಡಿದೆ,
ಹೊಲಿದವಳೇ ಬಂದು ತಡವಿದರೂ ಸಿಗಬಾರದು.
ಕೂಲಿ ಅದಕ್ಕೇ.

(ಬಿಳಿ ಬಟ್ಟೆ ಮಾತ್ರ ಬೆಳಗ್ಗೆ ಹತ್ತರೊಳಗೆ.
ಆಮೇಲೆ ಗಾಳಿ ತಿರುಗಿ, ಭಟ್ಟಿಯ ಹೊಗೆ
ಕೇಳದೇ ಒಳಗೆ ಬಂದು ತನ್ನದೂ ಒಂದಿಷ್ಟು ಕಸೂತಿ ಹಾಕುತ್ತದೆ.)

ಹೋದ ಕಾರ್ತೀಕದಲ್ಲಿ
ಆವರಗೆರೆಯ ದ್ರಾಕ್ಷಾಯಣಮ್ಮ
ಎಮ್ಮೆಗರು ಇಳಿಸಿದ ಹಾಗೆ ಆಟೋದಿಂದ ಕೌದಿ ಇಳಿಸಿದರು.
ವಾರಗಿತ್ತಿಯರಿಬ್ಬರು ಎದುರುಬದುರು ಕೂತು
ಎರಡು ತುದಿಯಿಂದ ಶುರುಮಾಡಿದ್ದು.
ನಡುವೆ ಮೂರು ಗೇಣು ಉಳಿದಾಗ ಮಾತು ನಿಂತಿತು.
ಯಾವುದೋ ಬೆಳ್ಳಿ ಲೋಟದ ವಿಷಯ.

'ಹೊಂದಿಸಬೇಡ ಕಣವ್ವ,' ಅಂದರು.
'ನಂದು ಇಲ್ಲಿಗೆ, ಅವಳದ್ದು ಅಲ್ಲಿಗೆ,
ನಡುವಿಂದು ಮೂರನೇಯವರದ್ದು ಅಂತ ಎದ್ದು ಕಾಣಬೇಕು.
ಇಲ್ಲಾಂದ್ರೆ ನಾನೇ ಸೋತು ಅವಳ ಕಡೆ ಹೊಲ್ಕೊಂಡು ಹೋದೆ ಅಂತಾರೆ.
ನಿನ್ನ ಕೈ ಹೆಂಗಿದೆಯೋ ಹಂಗೇ ಹೊಲಿ.
ದಾರ ನಿನ್ನಿಷ್ಟದ್ದು.'

ನಕ್ಕು ಮುಂಗಡ ತಗೊಂಡೆ.
ಸಂಜೆ ಸೂಜಿ ಪೋಣಿಸಿ ಕೂತೆ.

ಅಕ್ಕಿಕಾಳು ಹಾಕಿದೆ. ಅದು ಕೊಟ್ರವ್ವನದು.
ಜೀರಿಗೆ ಹಾಕಿದೆ. ಪೋಸ್ಟಾಫೀಸಿನ ಶಮೀಮ್ ಬಾನು.
ಓರೆ ಹಿಡಿದರೆ ಆ ಎಡಚಿ ಹುಡುಗಿ ಬಂದು ಕುಂತಳು.
ಹದಿನಾಲ್ಕು ವರ್ಷದಲ್ಲಿ ಬಂದವರ್ಯಾರೂ ಎದ್ದು ಹೋಗಿಲ್ಲ,
ಮನೆಯೊಡತಿಗೆ ಚಾಪೆಯಿಲ್ಲ.

'ನಂಗೆ ಯಾವ ಬಣ್ಣ ಇಷ್ಟ?' ಗಂಡನನ್ನು ಕೇಳಿದೆ.
ತಟ್ಟೆಯಿಂದ ತಲೆಯೆತ್ತಿ ಬಹಳ ಯೋಚಿಸಿ
'ಎಲ್ಲಾನೂ ಉಡ್ತೀಯಲ್ಲ' ಅಂದ.

ನಾಲ್ಕನೇ ರಾತ್ರಿ ಕರೆಂಟು ಹೋಯಿತು.
ಕೈಗೆ ಸಿಕ್ಕ ಉಂಡೆ, ಕೈ ಹೋದ ದಾರಿ.
ಹೊಲಿದೆ ಅನ್ನುವುದಕ್ಕಿಂತ
ಇಳಿಜಾರಿನಲ್ಲಿ ಕೊಡ ಹೊತ್ತು ನಡೆದೆ.
ಲೈಟು ಬಂದಾಗ ನೋಡಿದರೆ
ಬದನೆಹೂವಿನ ಬಣ್ಣ; ವರ್ಷಗಟ್ಟಲೆ ಯಾರೂ ಕೇಳದೆ
ಡಬ್ಬಿಯ ತಳದಲ್ಲಿದ್ದದ್ದು.
ಟಾಕು ಒಂದು ಉದ್ದ, ಒಂದು ಗಿಡ್ಡ,
ಒಂದು ಉದ್ದ, ಒಂದು ಗಿಡ್ಡ.
ಚೆಂದವೇನಿಲ್ಲ.
ಬಿಚ್ಚಲು ಕತ್ತರಿ ತಗೊಂಡೆ, ಇಟ್ಟೆ.
ಉಳಿದ ಎರಡೂವರೆ ಗೇಣೂ ಹಾಗೇ ಹೋಯಿತು.

ದ್ರಾಕ್ಷಾಯಣಮ್ಮ ಕನ್ನಡಕ ಏರಿಸಿ ತಡವಿದರು.
'ಇದ್ಯಾಕೆ ಹಿಂಗೆ ಕುಂಟುತ್ತೆ?'
'ನಂದು' ಅಂದೆ.

ಮೂವತ್ತು ರೂಪಾಯಿ ಹಿಡಿದುಕೊಂಡರು.
ಬೇರೆ ಯಾರ ಕೈಯಾಗಿದ್ದರೂ ಬಿಟ್ಟುಬಿಡುತ್ತಿದ್ದೆ.
ಗೇಟಿನವರೆಗೂ ಜಗಳ ಆಡಿದೆ.